ಹೊಡೆದಾಟದ ಇಂಗ್ಲಿಷ್

ತೋಟದ ಮನೆ, ಏಕಸಂಬಿ
೧೯ ಫೆಬ್ರವರಿ ೨೦೨೫

ಗೆಳೆಯ ನೇಮಣ್ಣನಿಗೆ ಜಯ ಜಿನೇಂದ್ರ, ಮುರಗೆಪ್ಪನ ಶರಣು.

ನಿನ್ನ ಎರಡು ಕಾಗದ ಬಂದು ಬಿದ್ದಿವೆ. ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಆದರೂ ಆಗು, ನನಗೇನೂ ಆಗುವುದಿಲ್ಲ. ಫೋನ್ ಹಚ್ಚಿದರೆ ನೀನು ‘ಆಂ? ಆಂ?’ ಅನ್ನುತ್ತೀ. ನಾನು ಒದರಿದ್ದು ನಿನ್ನೊಬ್ಬನನ್ನು ಬಿಟ್ಟು ಓಣಿಗೆಲ್ಲ ಕೇಳುತ್ತದೆ. ಈ ಸಲದ ಸುದ್ದಿ ಒದರಿ ಹೇಳುವಂಥದ್ದಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ಸಂಭಾಳಿಸಿಕೊಂಡು ಓದು. ಕಮಲಾಬಾಯಿಯವರ ಮೊಣಕಾಲು ನೋವು ಹೇಗಿದೆ? ಉಗಾರದಲ್ಲಿ ಥಂಡಿ ಕಡಿಮೆ ಆಗಿರಬೇಕು.

ಮೊದಲು ಕೆಲಸದ ಮಾತು. ನೀನು ನನ್ನ ಮೊಮ್ಮಗಳು ಕಾಜಲಳಿಗೆ ಹಚ್ಚಿಸಿಕೊಟ್ಟ ಇಂಗ್ಲಿಷ್ ಪೇಪರ್ ಬಂದ್ ಮಾಡಿಸು. ನಾನು ಹೇಳಿದರೆ ಏಜೆಂಟ್ ಕೇಳುತ್ತಿಲ್ಲ. ‘ಸಾವಕಾರ್ರು ಹೇಳ್ಯಾರ್ರಿ, ಅವರ ಬ್ಯಾಡ ಅನ್ಲಿ’ ಅಂತ ದಿನಾ ಅಂಗಳಕ್ಕೆ ಒಗೆದು ಹೋಗುತ್ತಾನೆ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದೆ.

ಅವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದದ್ದು ನಿನಗೆ ಗೊತ್ತು. ದಿನಾ ಪೇಪರ್ ಓದಿ ಹೊಸ ಶಬ್ದ ಬಾಯಿಪಾಠ ಮಾಡು ಅಂತ ಚಿಕ್ಕೋಡಿ ಕ್ಲಾಸಿನ ಸರ್ ಹೇಳಿದ್ದರಂತೆ. ಮೊದಲು ಶೇರು ಮಾರುಕಟ್ಟೆ ಓದಿದಳು, ಕ್ರಿಕೆಟ್ ಓದಿದಳು. ಏನೂ ತಲೆಯಲ್ಲಿ ನಿಲ್ಲಲಿಲ್ಲ. ಒಂದು ದಿನ ತಾನೇ ಹೇಳಿದಳು: ‘ಅಜ್ಜಾ, ಉಳಿದ ಶಬ್ದ ಇವತ್ತ ಬಂದ್ರ ಮತ್ತ ಬರೂದ ಇಲ್ಲ. ಇಲೆಕ್ಷನ್ ಹೊಡದಾಟದ್ದು ಹಂಗಲ್ಲ, ದಿನಾ ಬರತಾವ. ಊರ ಬ್ಯಾರೆ, ಶಬ್ದ ಅವ. ಸುಮ್ನ ಓದಿದ್ರೂ ಕುಂದರತಾವ.’

ಆವತ್ತಿನಿಂದ ಅವಳು ಬಡಿದಾಟದ ಸುದ್ದಿಯನ್ನೇ ಹುಡುಕಿ ಓದತೊಡಗಿದಳು. ಮುಂಜಾನೆ ನಾನು ಎಮ್ಮೆ ಹಿಂಡುವಾಗ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವಳು. ನನಗೂ ಬಂದವು. ಕ್ಲ್ಯಾಶ್ ಅಂದರೆ ಎರಡು ಗುಂಪಿನ ಬಡಿದಾಟ. ಮಾಬ್ ಅಂದರೆ ತಲೆ ಇಲ್ಲದ ಮಂದಿ. ‘ಟೆನ್ಸ್ ಬಟ್ ಅಂಡರ್ ಕಂಟ್ರೋಲ್’ ಅಂದರೆ ಊರು ಬಿಗಿದುಕೊಂಡಿದೆ, ಪೊಲೀಸರು ನಿಂತಿದ್ದಾರೆ ಅಂತ. ಸೊಸೆ ಒಲೆ ಮುಂದೆ ಪಾತ್ರೆ ಕುಕ್ಕಿದ ದಿನ ನಾನು ಅದನ್ನೇ ಅಂದೆ. ‘ಮಾವಾರು ಏನಂದ್ರ?’ ಅಂತ ಸೊಸೆ ಕೇಳಿದಳು. ‘ನಿನಗ ಒಂದ್ ವ್ಯಾನ್ ಪೊಲೀಸ್ ಬೇಕ ಅಂದ್ರು’ ಅಂದಳು ಕಾಜಲ. ಮನೆಯವರೆಲ್ಲ ನಕ್ಕೆವು. ‘ಸಕಂಬ್ಡ್’ ಅಂತ ಒಂದು ಶಬ್ದ, ಗಾಯ ತಾಳದೆ ಸತ್ತ ಅಂತ ಅದರ ಅರ್ಥ. ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಎಲ್ಲೋ ಯಾರದೋ ಮಗ ಸತ್ತಿದ್ದ, ನಾವಿಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ನಮ್ಮ ಸೊಸೈಟಿ ಇಲೆಕ್ಷನ್ ಬಂತು. ಸೊಸೈಟಿ ಅನ್ನುವುದು ಹೆಸರಿಗೆ. ಹಿಂದೆ ಎರಡು ಪಕ್ಷದ ದೊಡ್ಡವರು, ಮುಂದೆ ನಮ್ಮ ಹುಡುಗರು. ಎಣಿಕೆ ಮುಗಿದ ಸಂಜೆ ಗೆದ್ದವರು ಗುಲಾಲು ಎರಚಿದರು, ಸೋತವರ ಮೈಮೇಲೆ ಬಿತ್ತು. ಬೈದರು, ಕಲ್ಲು ಬಿದ್ದವು. ಆ ಗದ್ದಲದಲ್ಲಿ ನಮ್ಮ ಬದುವಿನ ಆಚೆ ಹೊಲದ ಸಿದರಾಯನ ಕುತ್ತಿಗೆಗೆ ಏಟು ಬಿತ್ತು. ಅವನು ನಮ್ಮ ಎದುರು ಪ್ಯಾನಲ್ಲಿನವನು. ಮಿರಜಿಗೆ ಒಯ್ದರು, ಮರುದಿನ ಹೋಗಿಬಿಟ್ಟ. ಪೊಲೀಸರು ಹಿಡಿದವರಲ್ಲಿ ಕಾಜಲಳ ಅಣ್ಣ ಲಖನನೂ ಇದ್ದಾನೆ. ಹೌದು, ನನ್ನ ಲಖನ. ನಿನ್ನ ಅಂಗಡಿಯಲ್ಲಿ ಬೆಲ್ಲ ಕದ್ದು ತಿಂದು ನಿನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು.

ಪೇಪರಿನಲ್ಲಿ ಮೂಲೆಯಲ್ಲಿ ಸಣ್ಣ ಸುದ್ದಿ ಬಂತು. ಕಾಜಲ ಓದಿದಳು. ಒಂದು ಶಬ್ದಕ್ಕೂ ಅರ್ಥ ಹುಡುಕಬೇಕಾಗಲಿಲ್ಲ. ಕ್ಲ್ಯಾಶ್ ಇತ್ತು, ಮಾಬ್ ಇತ್ತು, ಸಕಂಬ್ಡ್ ಇತ್ತು. ಕೊನೆಗೆ ‘ಆರ್ಮ್ಡ್ ಯೂಥ್’ ಅಂತ ಬರೆದು ಲಖನನ ಹೆಸರು.

‘ಆರ್ಮ್ಡ್ ಅಂದ್ರ ಏನಬೇ?’ ಅಂದೆ.

‘ಆಯುಧ ಹಿಡಕೊಂಡಾಂವ, ಅಜ್ಜಾ. ಕೊಯ್ತಾ ಇತ್ತಂತ.’

ನನ್ನ ನೆತ್ತಿ ಸುಟ್ಟಿತು. ಕಬ್ಬಿನ ಸುಗ್ಗಿಯಲ್ಲಿ ನಮ್ಮ ಕಡೆ ಯಾರ ಬೈಕ್ ಗಾಡಿಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇರುವುದಿಲ್ಲ ಹೇಳು. ಹೊಲದಲ್ಲಿ ಬಿಟ್ಟರೆ ಕಡಿಯಲು ಬಂದ ಟೋಳಿಯವರ ಕೊಯ್ತಾಗಳ ಜೊತೆ ಕಲೆತುಹೋಗುತ್ತದೆ. ಅದಕ್ಕೇ ಚೀಲದಲ್ಲಿ ಸುತ್ತಿ ಗಾಡಿಗೆ ಸಿಗಿಸಿಕೊಂಡು ಚಹಾಕ್ಕೂ ಹೋಗುತ್ತಾರೆ, ಕಟಿಂಗ್ ಅಂಗಡಿಗೂ ಹೋಗುತ್ತಾರೆ, ಬೀಗರ ಮನೆಗೂ ಹೋಗುತ್ತಾರೆ. ಆ ಲೆಕ್ಕಕ್ಕೆ ಸುಗ್ಗಿ ಮುಗಿಯುವ ತನಕ ಇಡೀ ತಾಲೂಕೇ ಆರ್ಮ್ಡ್. ನಮ್ಮ ಮೂರ್ಖ ಲಖನ ಎಮ್ಮೆಗೆ ಕಬ್ಬಿನ ಸೋಗೆ ಕಡಿದವನು ಮನೆಗೆ ಬರದೆ ನೆಟ್ಟಗೆ ಎಣಿಕೆ ನೋಡಲು ಹೋಗಿದ್ದ.

ಕಾಜಲಳನ್ನು ಎಳೆದುಕೊಂಡು ಚಿಕ್ಕೋಡಿಗೆ ಹೋದೆ, ಆ ಸುದ್ದಿ ಬರೆದವನನ್ನು ಹುಡುಕಿದೆ. ಮೀಸೆ ಬಲಿಯದ ಹುಡುಗ. ‘ನಾ ಕನ್ನಡದಾಗ ಕಳಿಸಿದ್ದೆರಿ. ಇಂಗ್ಲಿಷ್ ಮಾಡಾವ್ರು ಬೆಂಗಳೂರಾಗ ಅದಾರ’ ಅಂದ.

‘ಕನ್ನಡದಾಗ ಏನ್ ಬರದಿದ್ದಿ?’

‘ಕೈಯಾಗ ಕೊಯ್ತಾ ಇತ್ತು ಅಂತ.’

‘ಕೈಯಾಗ ಇತ್ತೋ, ಗಾಡ್ಯಾಗ ಇತ್ತೋ? ನೀ ನೋಡಿದ್ಯಾ?’

‘ನಾ ಅಲ್ಲಿ ಇರಲಿಲ್ಲರಿ ಅಜ್ಜಾರ. ಪೊಲೀಸ್ರು ಹೇಳಿದ್ದ ಬರದೀನಿ.’

‘ಮತ್ತ ನಾಳಿ ನಾ ನಿನ್ನ ನಾಕ್ ಕಾಲಿನ ಕತ್ತಿ ಅಂತೀನಿ, ಅದನ್ನೂ ಬರೀತೀಯೇನಲೇ?’ ಅಂದೆ. ಹುಡುಗ ಹಲ್ಲು ಕಿರಿದ. ಕಾಜಲ ನನ್ನ ರಟ್ಟೆ ಹಿಡಿದು ಹೊರಗೆ ತಂದಳು. ವಕೀಲ ವಿಕ್ರಾಂತ ನನ್ನ ಬಾಯಿಯನ್ನೇ ಮುಚ್ಚಿಸಿದ: ‘ಪೇಪರಿನ ಶಬ್ದಕ್ಕ ಯಾಕ ಗುದ್ದಾಡ್ತೀರಿ? ಎಫ್‌ಐಆರ್‌ನಾಗೂ ಅದ ಐತಿ.’ ಹೋದ ವಾರ ಜಾಮೀನು ಅರ್ಜಿ ಬಿದ್ದುಹೋಯಿತು. ಮಗ ಭರತ ಕೋರ್ಟಿನಿಂದ ಬಂದವನು ಚಪ್ಪಲಿ ಕಳೆಯದೆ ಹಾಗೇ ಮಲಗಿಬಿಟ್ಟ.

ಇಷ್ಟೇ ಆಗಿದ್ದರೆ ಪೇಪರ್ ಬಂದ್ ಮಾಡು ಅಂತ ನಿನಗೆ ಬರೆಯುತ್ತಿರಲಿಲ್ಲ.

ಸಿದರಾಯನ ಹೆಂಡತಿ ತುಳಸವ್ವ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಳು ಅಂದುಕೊಂಡು ನಾನು ಎದ್ದು ನಿಂತೆ. ಬಂದಿದ್ದರೆ ಚೆನ್ನಾಗಿತ್ತು. ಸೆರಗಿನೊಳಗಿಂದ ಪೇಪರಿನ ತುಂಡು ತೆಗೆದು ಕಾಜಲಳ ಕೈಯಲ್ಲಿಟ್ಟಳು. ‘ನಮ್ಮವ್ರ ಹೆಸರ ಇಂಗ್ಲಿಷ್‌ನಾಗ ಬಂದೈತಂತ ತಂಗಿ. ಊರಾಗ ಮತ್ತ್ಯಾರಿಗೆ ಓದಾಕ ಬರತೈತಿ? ಒಂದ್ಸಲ ಓದಿ ಹೇಳು’ ಅಂದಳು.

ಕಾಜಲ ಓದಿದಳು. ಒಂದೊಂದೇ ಸಾಲಿಗೆ ಕನ್ನಡ ಹೇಳಿದಳು. ಸಕಂಬ್ಡ್ ಬಂದಾಗ ನಿಂತಳು. ತುಳಸವ್ವ, ‘ಅದಕ್ಕೇನಂತಾರ?’ ಅಂದಳು. ‘ತ್ರಾಸ ತಡಕೊಳ್ಳಾಕ ಆಗಲಿಲ್ಲಂತ, ಕಾಕೂ’ ಅಂದಳು ಇವಳು. ತುಳಸವ್ವ ತಲೆ ಆಡಿಸಿದಳು. ‘ಖರೇನ ಬರದಾರ’ ಅಂದಳು. ಕೊನೆಯ ಸಾಲನ್ನು ಕಾಜಲ ಓದಲಿಲ್ಲ. ‘ಇಷ್ಟ ಐತಿ’ ಅಂದು ತುಂಡು ಮಡಿಸಿ ಕೊಟ್ಟಳು. ತುಳಸವ್ವ ಅವಳ ತಲೆ ಸವರಿ, ‘ಚೊಲೋ ಕಲತೀದಿ’ ಅಂದು ಹೋದಳು.

ಅವತ್ತಿನಿಂದ ಹುಡುಗಿ ಪೇಪರ್ ಮುಟ್ಟಿಲ್ಲ. ಪರೀಕ್ಷೆಗೆ ಹೋಗಲಿಲ್ಲ. ಬೈದೆ, ಎದ್ದು ಎಮ್ಮೆಗೆ ನೀರು ಕುಡಿಸಲು ಹೋದಳು. ಬಂದ ಪೇಪರುಗಳು ಮಡಿಕೆ ಬಿಚ್ಚದೆ ಬಿದ್ದಿವೆ. ನಿನಗೆ ಒಂದು ಮಾತು ಹೇಳಿ ನಿಲ್ಲಿಸಿದರೆ ಸಾಕು.

ನಿನ್ನ ಮೊಮ್ಮಗಳು ಮಯೂರಿಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ. ಯಾವುದರಲ್ಲಿ ಓದಬೇಕು ಅಂತ ಮಾತ್ರ ನನ್ನನ್ನು ಕೇಳಬೇಡ. ಮನೆಯವರೆಲ್ಲ ತಣ್ಣಗಿರಿ.

ನಿನ್ನ
ಮುರಗೆಪ್ಪ

ತಾ. ಕ.: ಕಾಗದ ಪೋಸ್ಟಿಗೆ ಹಾಕುವವಳು ಕಾಜಲ, ಮೇಲಿನದೆಲ್ಲ ಅವಳು ಓದಿದ್ದಾಳೆ. ಈಗ ಒಳಗೆ ಹೋಗಿದ್ದಾಳೆ, ಬರುವುದರೊಳಗೆ ಇದನ್ನು ಬರೆದು ಅಂಟಿಸುತ್ತೇನೆ. ಸೋಮವಾರ ಬೆಳಗಾವಿ ಜೈಲಿಗೆ ಹೋಗಿದ್ದೆ. ಜಾಳಿಗೆಯ ಆಚೆ ಲಖನ ನಿಂತಿದ್ದ. ‘ಕೊಯ್ತಾ ಗಾಡ್ಯಾಗಿಂದ ತಗದಿದ್ದಿಯೇನಲೇ?’ ಅಂತ ಕೇಳಿದೆ. ಜಾಳಿಗೆಗೆ ಬೆರಳು ಸಿಗಿಸಿದ. ‘ಸಿದರಾಯಗ ಹೊಡದಿಯೋ ಇಲ್ಲೋ? ನಿಮ್ಮಜ್ಜ ಕೇಳಾಕತ್ತೀನಿ’ ಅಂದೆ. ‘ತಳಗಿನ ಪಟ್ಟಿ ಕಬ್ಬ ಫ್ಯಾಕ್ಟರಿಗೆ ಹೋತೇನಜ್ಜಾ?’ ಅಂದ. ಹೊಡೆದಿಲ್ಲ ಅನ್ನಲಿಲ್ಲ, ನೇಮಣ್ಣಾ. ನಾನು ಕಂಡಕಂಡವರ ಮುಂದೆಲ್ಲ ಒದರಿಕೊಂಡು ತಿರುಗುತ್ತಿರುವ ಮಾತನ್ನು ಅವನು ಒಂದು ಸಲವೂ ಅನ್ನಲಿಲ್ಲ. ಕಬ್ಬು ಹೋಯಿತು ಅಂತ ಹೇಳಿ ಬಂದೆ.