ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆ

ಲಾಂಡ್ರಿಯ ಹಿಂದಿನ ಮೆಟ್ಟಿಲು,
ಮಾರ್ಚ್ ನಾಲ್ಕು, ಊಟದ ಬಿಡುವಿನಲ್ಲಿ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? "ಚೆನ್ನಾಗಿದ್ದೇನೆ" ಎಂದು ಬರೆಯಬೇಡ, ಅದು ಉತ್ತರವಲ್ಲ. ಎಡಗೈ ಎಲ್ಲಿಯ ತನಕ ಏಳುತ್ತದೆ ಎಂದು ಬರೆ. ತಲೆ ನೀನೇ ಬಾಚಿಕೊಳ್ಳುತ್ತೀಯೋ, ದೊಡ್ಡಮ್ಮ ಬಾಚುತ್ತಾಳೋ? ಅವಳು ಬಾಚಿದರೆ ಕೂದಲಿನ ಜೊತೆಗೆ ನಾಲ್ಕು ಬುದ್ಧಿಮಾತನ್ನೂ ಸೇರಿಸಿ ಹೆಣೆಯುತ್ತಾಳೆ, ನನಗೆ ಗೊತ್ತು. ಎಡಮಗ್ಗುಲಿಗೆ ಮಲಗಬೇಡ. ನನ್ನ ವಿಷಯ ಕೇಳುವೆಯಾದರೆ, ಹಸಿವು ಚೆನ್ನಾಗಿದೆ, ಸಿಟ್ಟು ಅದಕ್ಕಿಂತ ಚೆನ್ನಾಗಿದೆ.

ಮಡಿಸುವ ಮೇಜಿನಲ್ಲಿ ನಿನ್ನ ಜಾಗಕ್ಕೆ ಒಬ್ಬ ಉದ್ದನೆಯ ಆಸಾಮಿ ಬಂದಿದ್ದಾನೆ. ದೊಡ್ಡ ಬೆಡ್‌ಶೀಟನ್ನು ಇಬ್ಬರೂ ತಲೆಯ ಮೇಲಕ್ಕೆತ್ತಿ ಒದರಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕಷ್ಟೆ. ಇವನು ಮೂಲೆಯನ್ನು ಬಿಟ್ಟು ನನ್ನ ಕಾಲಿಗೆ ಕಾಲು ಸೇರಿಸುತ್ತಾನೆ. ನಮ್ಮ ಸೂಪರ್‌ವೈಸರ್ ಗಂಜಿಯಣ್ಣ (ಆ ಹೆಸರಿಟ್ಟ ಪುಣ್ಯ ನಿನ್ನದೇ) ಇನ್ನೂ ಗಂಜಿ ಹಾಕಿದ ಅದೇ ಕಾಲರಿನೊಳಗೆ ಕತ್ತು ಸಿಕ್ಕಿಸಿಕೊಂಡು ಓಡಾಡುತ್ತಾನೆ. ಗೋಡೆಯ ಮೇಲೆ ತಲೆಗಿಂತ ಎತ್ತರಕ್ಕೆ ಅವನೆಳೆದ ಸೀಮೆಸುಣ್ಣದ ಗೆರೆಯೂ ಹಾಗೇ ಇದೆ. ಮಾಸಿದಾಗಲೆಲ್ಲ ಮತ್ತೆ ತಿದ್ದುತ್ತಾನೆ, ಏನೋ ಸ್ವಂತ ಸಂಶೋಧನೆ ಎಂಬಂತೆ. "ಭುಜ ನೋವು ಅನ್ನೋರು ಬಂದು ಈ ಗೆರೆ ಮುಟ್ಲಿ ನೋಡೋಣ." ಜೀವಮಾನದಲ್ಲಿ ಟೆಲಿಫೋನಿಗಿಂತ ಭಾರವಾದದ್ದನ್ನು ಎತ್ತದ ಮನುಷ್ಯ, ಹನ್ನೊಂದು ವರ್ಷ ಒದ್ದೆ ಬಟ್ಟೆ ಎತ್ತಿದವಳ ಭುಜವನ್ನು ಅಳೆಯಲು ಕಂಡುಹಿಡಿದ ಯಂತ್ರ ಅದು. ನಿನ್ನ ಕೈ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಾಗ ಅವನು ಅಂದದ್ದು ನೆನಪಿದೆಯಲ್ಲ? "ನಾಟಕದ ಕಂಪನಿಗೆ ಸೇರಬೇಕಾಗಿತ್ತು ನೀನು." ನಗಬೇಕಾದವರೆಲ್ಲ ನಕ್ಕರು.

ಕಂಪನಿಯ ಡಾಕ್ಟರು ಅವನಿಗಿಂತ ಒಂದು ತೂಕ ಜಾಸ್ತಿ. ಕುರ್ಚಿಯಿಂದ ಏಳದೆ, "ಕೈ ಎತ್ತಮ್ಮಾ" ಎಂದರು. ನೀನು ಆದಷ್ಟು ಎತ್ತಿದೆ. "ಇನ್ನೂ ಎತ್ತಮ್ಮಾ" ಎಂದರು. ಆಮೇಲೆ ಕಾಗದದಲ್ಲಿ "ಸಹಕರಿಸುತ್ತಿಲ್ಲ" ಎಂದು ಬರೆದರು. ಅವರ ಬೆರಳು ನಿನ್ನ ಭುಜವನ್ನು ಒಮ್ಮೆಯೂ ಮುಟ್ಟಲಿಲ್ಲ. ಆ ಒಂದು ಪದದಿಂದ ನಿನ್ನ ಕೆಲಸ ಹೋಯಿತು.

ಈಗ ಅಸಲು ಸುದ್ದಿ. ಮಂಗಳವಾರ ಟವೆಲ್ ಕೊಡಲು ಹೋಗುತ್ತೇನಲ್ಲ, ಆ ಕ್ಲಿನಿಕ್ಕಿನ ಫಿಸಿಯೋ ಮೇಡಂ ಹತ್ತಿರ ನಿನ್ನ ವಿಷಯವನ್ನು ನೇರವಾಗಿ ಕೇಳಿಬಿಟ್ಟೆ. "ನಿಮ್ಮಮ್ಮಂಗೆ ವಯಸ್ಸೆಷ್ಟು? ಮುಟ್ಟು ನಿಂತಿದೆಯಾ?" ಎಂದರು. ನನ್ನ ಮುಖ ಇಟ್ಟಿಗೆಯಂತೆ ಕೆಂಪಾಯಿತು. ಅವರು ನಾನು ತಂದಿದ್ದ ಟವೆಲ್ಲನ್ನೇ ಕೈಗೆತ್ತಿಕೊಂಡು, "ಕೊನೇ ನೀರಿಗೆ ಮೆತ್ತಗಾಗೋ ದ್ರಾವಣ ಹಾಕದೇ ಇದ್ರೆ ಇದು ಹೆಂಗೆ ಒಣಗುತ್ತೆ?" ಎಂದರು. "ಹಲಗೆ ಥರ" ಎಂದೆ. ಹೆಂಗಸರ ಮೈಯಲ್ಲಿ ಆ ದ್ರಾವಣದಂತೆ ಈಸ್ಟ್ರೋಜನ್ ಎಂಬ ಹಾರ್ಮೋನು ಇರುತ್ತದಂತೆ. ಕೀಲನ್ನು ಸುತ್ತಿಕೊಂಡಿರುವ ಚೀಲ, ಮೂಳೆಗೆ ಮೂಳೆ ಕಟ್ಟುವ ಪಟ್ಟಿ, ಸ್ನಾಯುವಿನ ತುದಿಯ ಹುರಿ, ಮೇಲಿನ ಚರ್ಮ, ಇವಕ್ಕೆಲ್ಲ ಕೊಲಾಜನ್ ಎಂಬ ನಾರು ಆಧಾರ. ಆ ನಾರು ಹುಟ್ಟುವುದು, ಸವೆಯುವುದು, ಊದಿಕೊಂಡಾಗ ತಣ್ಣಗಾಗುವುದು, ಎಲ್ಲದರಲ್ಲೂ ಈ ಹಾರ್ಮೋನಿನ ಕೈವಾಡ ಇದೆಯಂತೆ. ಐವತ್ತರ ಆಸುಪಾಸಿನಲ್ಲಿ ಅದು ಇಳಿದುಹೋಗುತ್ತದೆ. ಭುಜದ ಚೀಲ ಊದಿ, ದಪ್ಪವಾಗಿ, ಕುಗ್ಗಿಕೊಂಡು ಬಿಡುವ ಕಾಯಿಲೆ ಆ ವಯಸ್ಸಿನ ಹೆಂಗಸರಲ್ಲೇ ಹೆಚ್ಚು. ಗಂಡಸರಿಗೂ ಬರುತ್ತದೆ, ಕಡಿಮೆ. ಹಾರ್ಮೋನೇ ಕಾರಣವೆಂದು ಪೂರ್ತಿ ಸಾಬೀತಾಗಿಲ್ಲ, ಟವೆಲ್ಲು ಬರೀ ಹೋಲಿಕೆ ಎಂದೂ ಮೇಡಂ ಹೇಳಿದರು. ಅದನ್ನೂ ಬರೆಯುತ್ತಿದ್ದೇನೆ, ಅರ್ಧ ಮುಚ್ಚಿಟ್ಟರೆ ನಾನೂ ಗಂಜಿಯಣ್ಣನೂ ಒಂದೇ. ಆದರೆ ಇಂಥ ಕಾಯಿಲೆಯೊಂದು ಇರುವುದು ಸಾಬೀತು. ಮೆಲ್ಲಗೆ ಪಳಗಿಸುತ್ತ ಹೋದರೆ ಒಂದೆರಡು ವರ್ಷದಲ್ಲಿ ಭುಜ ಬಹಳಷ್ಟು ಸಡಿಲಗೊಳ್ಳುತ್ತದಂತೆ.

ಇನ್ನೊಂದು ಹೇಳಿದರು. ಹೊಟ್ಟೆಯಲ್ಲಿ ಮಗು ಇರುವಾಗ ಇದೆಲ್ಲ ತಿರುವುಮುರುವು. ರಿಲ್ಯಾಕ್ಸಿನ್ ಎಂಬುದೂ ಜೊತೆಗೆ ಇನ್ನೂ ಕೆಲವು ಹಾರ್ಮೋನುಗಳೂ ಏರಿ, ಸೊಂಟದ ಕಟ್ಟುಗಳು ಸಡಿಲವಾಗುತ್ತವೆ, ಮಗು ಹೊರಗೆ ಬರಬೇಕಲ್ಲ. ಕೆಲವರಿಗೆ ಪಾದವೂ ಹರಡಿ, ಮತ್ತೆ ಮೊದಲಿನಂತಾಗುವುದೇ ಇಲ್ಲ. ನನ್ನನ್ನು ಹೆತ್ತ ಮೇಲೆ ಹಳೆಯ ಚಪ್ಪಲಿ ಒಂದೂ ಹಿಡಿಯಲಿಲ್ಲ ಎಂದು ನೀನು ನನ್ನನ್ನು ಬೈಯುತ್ತಿದ್ದೆ. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ನನಗೆ ದಾರಿ ಬಿಡಲು ಸಡಿಲಗೊಂಡ ಮೈಯೇ ಈಗ ಬಿಗಿದುಕೊಂಡಿದೆ, ಮತ್ತು ಕಾಲರಿನಲ್ಲಿ ಕತ್ತು ತಿರುಗಿಸಲಾರದವನೊಬ್ಬ ಅದಕ್ಕೆ ನಾಟಕ ಎಂದು ಹೆಸರಿಟ್ಟಿದ್ದಾನೆ. ಇದೆಲ್ಲ ಹತ್ತನೇ ತರಗತಿಯ ಪುಸ್ತಕದಲ್ಲಿ ಸ್ವಲ್ಪವಾದರೂ ಇತ್ತೇನೋ. ವಿಜ್ಞಾನದ ಮೇಷ್ಟ್ರು ಆ ಪಾಠ ಬಂದಾಗ, "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಹಾಳೆ ತಿರುಗಿಸಿದರು. ನಾನು ಶಾಲೆಗೇ ಬೆನ್ನು ತಿರುಗಿಸಿ ಬಂದೆ. ನಷ್ಟ ಯಾರಿಗೂ ಆದಂತಿಲ್ಲ.

ಕ್ಲಿನಿಕ್ಕಿನಿಂದ ಬಂದವನೇ ಮೇಜಿನ ಬಳಿ ಎಲ್ಲರೆದುರು ಗಂಜಿಯಣ್ಣನಿಗೆ ಇದನ್ನು ಹೇಳಿದೆ. "ಈಸ್ಟ್ರೋಜನ್ನಾ? ಅದ್ಯಾವ ಸೋಪಿನ ಕಂಪನಿ ಕಣೋ?" ಎಂದ. ನಾನು ಮುಟ್ಟು ನಿಲ್ಲುವ ವಿಷಯ ಎತ್ತಿದ್ದೇ ತಡ, "ಥೂ, ಹೆಂಗಸರ ವಿಚಾರ ನಿಂಗ್ಯಾಕೋ, ನಾಚಿಕೆ ಇಲ್ವಾ?" ಎಂದು ಕಿವಿ ಕೆಂಪು ಮಾಡಿಕೊಂಡು ಹೊರಟೇಬಿಟ್ಟ. ಅಮ್ಮಾ, ಊರಿನ ಅರ್ಧ ಹಾಸಿಗೆಗಳ ಕಲೆ ಇಲ್ಲಿಗೇ ಬರುತ್ತದೆ. ಆ ಕಲೆಯನ್ನು ತೊಳೆದು ಹಣ ಮಾಡಬಹುದು, ಅದರ ಹೆಸರು ಹೇಳಬಾರದು. ಇಂಥವರ ಮುಂದೆ ನೀನು ತಲೆತಗ್ಗಿಸಿ ನಿಂತಿದ್ದೆಯಲ್ಲ!

ಮೇಡಂ ಈ ಕಾಯಿಲೆಯ ಬಗ್ಗೆ ಒಂದು ಪತ್ರ ಬರೆದುಕೊಟ್ಟಿದ್ದಾರೆ. ಕಾರ್ಮಿಕ ಕಚೇರಿಯವರು ಹದಿನೆಂಟಕ್ಕೆ ಮರುವಿಚಾರಣೆ ಇಟ್ಟಿದ್ದಾರೆ. ಕೆಲಸ ವಾಪಸು ಸಿಗಬಹುದು, ಆ "ಸಹಕರಿಸುತ್ತಿಲ್ಲ" ಅಳಿಯಬಹುದು. ಆದರೆ ನೀನು ಬರಬೇಕು. "ಹೋಗ್ಲಿ ಬಿಡಪ್ಪ" ಅನ್ನಬೇಡ. ಆ ಮಾತನ್ನು ಕೇಳಿ ಕೇಳಿಯೇ ಗಂಜಿಯಣ್ಣ ಇಷ್ಟು ಗರಿಗರಿಯಾಗಿರುವುದು.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ತೋಳನ್ನು ಜೋರಾಗಿ ತಿಕ್ಕಬಾರದೆಂದು ಅದರ ಜೊತೆಯಲ್ಲೇ ತಿಳಿಸು.

ನಿನ್ನ,
ಓದು ಬಿಟ್ಟ ಮಗ

ಮರೆತೆ ಎಂದು ಬರೆಯುವುದಿಲ್ಲ, ಮರೆತಿಲ್ಲ. ಮೊದಲ ವಿಚಾರಣೆಯಲ್ಲಿ "ನಿಮ್ಮಮ್ಮ ಮನೇಲೂ ಹಿಂಗೇನಾ?" ಎಂದು ಕಚೇರಿಯವರು ಕೇಳಿದಾಗ ನಾನು "ಗೊತ್ತಿಲ್ಲ" ಅಂದೆ. "ಹುಡುಗ, ಅವನಿಗೇನು ಗೊತ್ತಾಗುತ್ತೆ" ಎಂದು ನೀನೇ ನನ್ನ ಪರ ಮಾತಾಡಿದೆ. ನನಗೆ ಗೊತ್ತಿತ್ತು. ಅದಕ್ಕೂ ಹಿಂದಿನ ಭಾನುವಾರ ಮಧ್ಯಾಹ್ನ ನೀನು ಚಾಪೆಯ ಮೇಲೆ ನಿದ್ದೆ ಹೋಗಿದ್ದಾಗ, ಗಂಜಿಯಣ್ಣನ ಮಾತು ತಲೆಗೆ ಹೊಕ್ಕು, ನಿನ್ನ ಸುಳ್ಳು ಹಿಡಿಯೋಣವೆಂದು ನಿನ್ನ ತೋಳನ್ನು ಹಿಡಿದು ಎತ್ತಿದೆ. ಎದೆಮಟ್ಟದಲ್ಲಿ, ಅಗುಳಿ ಹಾಕಿದ ಬಾಗಿಲಿನಂತೆ, ನಿಂತುಬಿಟ್ಟಿತು. ನೀನು ಚೀರಿ ಎದ್ದೆ, ನಾನು "ಕೆಟ್ಟ ಕನಸೇನೋ" ಎಂದೆ. ನಿದ್ದೆಯಲ್ಲಿ ಯಾರೂ ನಾಟಕ ಆಡುವುದಿಲ್ಲ. ಬೇರೆಯವರು ಎತ್ತಿದರೂ ಏಳದಿರುವುದೇ ಈ ಕಾಯಿಲೆಯ ಗುರುತು ಎಂದು ಮೇಡಂ ಹೇಳಿದರು. ಡಾಕ್ಟರು ಮುಟ್ಟಲಿಲ್ಲ, ನಾನು ಮುಟ್ಟಿಯೂ ಹೇಳಲಿಲ್ಲ. ಇಬ್ಬರಲ್ಲಿ ಯಾರು ಕೀಳೆಂದು ನೀನೇ ತೀರ್ಮಾನಿಸು. ಇದೆಲ್ಲವನ್ನೂ ಬರೆದು, ಸಹಿ ಹಾಕಿ, ಈ ಬೆಳಿಗ್ಗೆ ಕಚೇರಿಗೆ ಕೊಟ್ಟು ಬಂದಿದ್ದೇನೆ. ಬೈಯಲಿಕ್ಕಾದರೂ ಹದಿನೆಂಟಕ್ಕೆ ಬಾ. ಅವತ್ತು ಯಾವ ಗೆರೆಯ ಮುಂದೆಯೂ ನೀನು ಕೈ ಎತ್ತಬೇಕಾಗಿಲ್ಲ. ನಾನು ಎತ್ತಿ ನೋಡಿದ್ದೇನೆ.