ಪುಸ್ತಕದಲ್ಲಿ ಬಿಟ್ಟುಹೋದ ನಿನ್ನ ಅಂಜಿಕೆ

ನನ್ನ ಅವ್ವನಿಗೆ,

ನೀನು ಹೋಗಿ ಮೂರು ವರ್ಷವಾಯಿತು. ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ. ಕಂಪ್ಲಿಯ ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಈಗ ಇದನ್ನು ನಿನಗೆ ಯಾರು ಓದಿ ಹೇಳುತ್ತಾರೋ… ಆದರೂ ಬರೆಯದೆ ಇರಲಾರೆ. ನಿನ್ನ ಕಥೆ ಓದಿದ ಒಂದು ಮಗು ಸಾಯುವುದರಲ್ಲಿತ್ತು, ಅವ್ವಾ. ಆ ಕಥೆಗೆ ಚಿತ್ರ ಬರೆದವಳು ನಾನು. ಅವತ್ತಿನಿಂದ ನೀರಿನ ಸದ್ದು ಕೇಳಿದರೆ ಸಾಕು, ಮನೆಯ ನಲ್ಲಿಯದಾದರೂ ಸರಿ, ನನ್ನ ಕೈಕಾಲು ತಣ್ಣಗಾಗುತ್ತವೆ.

ಕಳೆದ ಜೂನ್‌ನಲ್ಲಿ ಶಾಲೆಯ ಪುಸ್ತಕದ ಕಪಾಟು ಜೋಡಿಸುತ್ತಿದ್ದಾಗ ಇದೆಲ್ಲ ಶುರುವಾಯಿತು. ಹೊಸಪೇಟೆಯಿಂದ ದಿನಾ ಬಸ್ಸು ಹತ್ತಿ, ಮಲಪನಗುಡಿ ದಾಟಿ ಹೋಗುತ್ತೇನಲ್ಲ, ಅದೇ ಶಾಲೆ. ಮಕ್ಕಳಿಗೆಂದು ಸಾಧಕಿಯರ ಕುರಿತ ಚಿತ್ರಪುಸ್ತಕಗಳು ಬಂದಿದ್ದವು. ವಿಮಾನ ಹಾರಿಸಿದವಳು, ಹಿಮದ ಬೆಟ್ಟ ಹತ್ತಿದವಳು, ಕತ್ತಿ ಹಿಡಿದ ರಾಣಿ. ಮೂರನೇ ಕ್ಲಾಸಿನ ಪಲ್ಲವಿ ಅಷ್ಟನ್ನೂ ತಿರುವಿ ನೋಡಿ ಕೇಳಿದಳು: "ಟೀಚರ್, ಇದ್ರಾಗ ನಮ್ಮ ಕಡ್ಯಾಕಿ ಒಬ್ಬಾಕೀನೂ ಇಲ್ಲೇನ್ರಿ?" ನನ್ನ ಜೊತೆ ಕಲಿಸುವ ಸುಮಂಗಲಾ ಅಲ್ಲೇ ಇದ್ದಳು. ಅವಳು ಬರೆಯುವುದು, ನಾನು ಚಿತ್ರ ಬಿಡಿಸುವುದು ಎಂದು ಅವತ್ತೇ ಮಾತಾಯಿತು. ಮೊದಲ ಪುಸ್ತಕ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿದ ಒಬ್ಬ ಹೆಂಗಸಿನದು. ಎರಡನೆಯದು, ಶಾಲೆಯ ಮೆಟ್ಟಿಲು ಹತ್ತದೆ ಐದಾರು ಭಾಷೆ ಕಲಿತು ಪರದೇಶದವರಿಗೆ ಹಂಪಿ ತೋರಿಸುವವಳದು. ಹೊಸಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರತಿ ತೆಗೆಸಿ, ನಾವೇ ಕೂತು ಪಿನ್ನು ಹೊಡೆದೆವು. ಮೂರನೆಯದು ಯಾರದು ಎಂದಾಗ ಸುಮಂಗಲಾ ನನ್ನ ಮುಖ ನೋಡಿದಳು. "ನಿಮ್ಮವ್ವಂದೇ ಐತಲ್ಲ, ಗಂಗಾ."

ಆ ನೆರೆಯ ಕಥೆಯನ್ನು ಅವಳಿಗೆ ಹೇಳುತ್ತಾ ಕೂತ ಮಧ್ಯಾಹ್ನ ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತೇ? ಅಪ್ಪ ತೀರಿಕೊಂಡ ಮೇಲೆ ಓಣಿಯ ಗಂಡಸರೆಲ್ಲ ಬೇಡವೆಂದರೂ ನೀನು ಅವನ ಹರಿಗೋಲಿನ ಹುಟ್ಟು ಹಿಡಿದದ್ದು. ಡ್ಯಾಮಿನ ಗೇಟು ತೆಗೆದು, ಕಂಪ್ಲಿಯ ಸೇತುವೆ ಮುಳುಗಿ, ಹೊಳೆ ನಡುವಿನ ದಿಬ್ಬದ ಮೇಲೆ ಬಾಳೆತೋಟದ ಕೆಲಸಕ್ಕೆ ಹೋದ ಏಳು ಜನ ಸಿಕ್ಕಿಬಿದ್ದದ್ದು. ನೀನು ಹೋಗಿ ಎರಡು ಸಲಕ್ಕೆ ಅಷ್ಟೂ ಜನರನ್ನು ತಂದದ್ದು. ಸುಮಂಗಲಾ ಚೆಂದಾಗಿ ಬರೆದಳು. ಎಂಟನೇ ಪುಟದಲ್ಲಿ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹರಿಗೋಲಿಗೆ ಜಿಗಿಯುವ ಚಿತ್ರ. ಅದರ ಕೆಳಗೆ ಒಂದೇ ಸಾಲು: "ದುರುಗಮ್ಮನಿಗೆ ಅಂಜಿಕೆ ಎಂದರೇನೆಂದೇ ಗೊತ್ತಿರಲಿಲ್ಲ."

ಆ ಸಾಲನ್ನು ನಾನು ಎರಡು ಸಲ ಓದಿದೆ. ಇದು ನಿಜವಲ್ಲ ಎಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ. ಮಕ್ಕಳ ಪುಸ್ತಕ, ಹೀಗೇ ಇರಲಿ ಅನ್ನಿಸಿತು. ಸಾಲಿನ ಮೇಲೆ ಬೆರಳಾಡಿಸಿ ನಕ್ಕೆ ಕೂಡ.

ಪುಸ್ತಕವನ್ನು ಮಕ್ಕಳಿಗೆ ಹಂಚಿದ ಮೇಲೆ, ಕಾಲುವೆಯ ಪಕ್ಕದ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಆ ಸಂಜೆಯನ್ನು ಹೇಗೆ ಬರೆಯಲಿ? ಶಾಲೆ ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಬಸ್ಸು ಬಂದಿರಲಿಲ್ಲ. ಕಾಲುವೆ ತುಂಬಿ ಹರಿಯುತ್ತಿತ್ತು. ಕಬ್ಬಿನ ಗದ್ದೆಯ ತಿರುವಿನಿಂದ ನೀಲಿ ಬಣ್ಣದ್ದೇನೋ ತೇಲಿ ಬಂತು. ಮದುವೆ ಮನೆಯಲ್ಲಿ ಪಾತ್ರೆ ತೊಳೆಯುತ್ತಾರಲ್ಲ, ಅಂಥ ದೊಡ್ಡ ಪ್ಲಾಸ್ಟಿಕ್ ಟಬ್ಬು. ಯಾರದೋ ಟಬ್ಬು ಹೋಯಿತಲ್ಲ ಎಂದುಕೊಂಡೆ. ಆಮೇಲೆ ಅದರೊಳಗೆ ಕೆಂಪು ರಿಬ್ಬನ್ನಿನ ಎರಡು ಜಡೆ ಕಂಡವು. ಪಲ್ಲವಿ. ಕೈಯಲ್ಲಿ ಒಂದು ಹಲಗೆ ತುಂಡು. ಟಬ್ಬು ಗಿರಗಿರ ಸುತ್ತುತ್ತಿತ್ತು. ನಾನು ನಿಂತ ಜಾಗದಿಂದ ಹತ್ತು ಮಾರು ದಾಟಿದರೆ ಕಾಲುವೆ ರಸ್ತೆಯ ಅಡಿಯ ತೂಬಿಗೆ ನುಗ್ಗುತ್ತದೆ. ಆ ಕತ್ತಲೆಯೊಳಕ್ಕೆ ಹೋದ ಎಮ್ಮೆಕರುವೇ ಆಚೆ ಜೀವಸಹಿತ ಬಂದಿಲ್ಲ.

ನನಗೆ ಈಜು ಬರುವುದಿಲ್ಲ. ಹೊಳೆ ದಂಡೆಯ ಮಗಳಿಗೆ ಈಜು ಬರುವುದಿಲ್ಲ ಎಂದರೆ ಜನ ನಗುತ್ತಾರೆ. ಆ ನೆರೆ ಬಂದಾಗಿನಿಂದ ನಾನು ಮೊಣಕಾಲು ಮೇಲಿನ ನೀರಿಗೆ ಇಳಿದವಳೇ ಅಲ್ಲ. ಅವತ್ತು ಚಪ್ಪಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ. ತೂಬಿಗಿಂತ ಈಚೆ ಬಟ್ಟೆ ಒಗೆಯುವ ಮೆಟ್ಟಿಲುಗಳಿವೆ. ಇಬ್ಬರು ಹೆಂಗಸರು ಒಗೆಯುತ್ತಿದ್ದರು. ಕೂಗಿಕೊಂಡು ಓಡಿದೆ. ನನ್ನನ್ನು ಕಂಡದ್ದೇ ಪಲ್ಲವಿ "ಟೀಚರ್!" ಎಂದು ಟಬ್ಬಿನೊಳಗೆ ಎದ್ದು ನಿಂತಳು. ಟಬ್ಬು ಒಂದು ಕಡೆ ವಾಲಿ ನೀರು ಒಳಗೆ ಬಂತು. "ಕುಂದ್ರಲೇ! ನಿಂದರಬ್ಯಾಡ! ನಟ್ಟನಡುವ ಕುಂದ್ರು, ಅಲುಗಾಡಬ್ಯಾಡ!" ಎಂದು ಕಿರುಚಿದೆ. ಹರಿಗೋಲು ಹತ್ತಿದವರಿಗೆಲ್ಲ ನೀನು ಮೊದಲು ಹೇಳುತ್ತಿದ್ದ ಮಾತು. ನಮ್ಮ ಪುಸ್ತಕದ ಹನ್ನೆರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ಅವಳು ದೊಪ್ಪನೆ ಕೂತಳು.

ಕೊನೆಯ ಮೆಟ್ಟಿಲು ಪಾಚಿಗಟ್ಟಿತ್ತು. ಒಗೆಯುತ್ತಿದ್ದವಳೊಬ್ಬಳು ನನ್ನ ಎಡಗೈ ಹಿಡಿದಳು, ಅವಳ ಸೊಂಟವನ್ನು ಇನ್ನೊಬ್ಬಳು. "ಹೋಗ್ರಿ, ಬಿಡಂಗಿಲ್ಲ ನಾನು!" ಎಂದಳು ಕೈ ಹಿಡಿದವಳು. ನೀರು ಎದೆಗೆ ಬಂತು. ಕಾಲ ಕೆಳಗೆ ಏನೂ ಇರಲಿಲ್ಲ, ಅವ್ವಾ. ಏನೂ. ನನ್ನ ಬಾಯಿಂದ ಬಂದ ಸದ್ದು ನನ್ನದೋ ಬೇರೆ ಯಾರದೋ… ಟಬ್ಬಿನ ಅಂಚು ಒಮ್ಮೆ ಬೆರಳಿಗೆ ತಾಗಿ ಜಾರಿತು. ಅದು ಸುತ್ತಿ ಇನ್ನೊಂದು ಕಡೆಯ ಹಿಡಿಕೆ ನನ್ನತ್ತ ಬಂದಾಗ ಸಿಕ್ಕಿತು. ಟಬ್ಬು ಮಗುಚಿತು. ಆ ಹುಡುಗಿ ನನ್ನ ಕುತ್ತಿಗೆಗೆ ಎರಡೂ ಕೈ ಬಿಗಿದು ನೇತುಬಿದ್ದಳು. ನಮ್ಮಿಬ್ಬರನ್ನೂ ಮೀನು ಎಳೆದಂತೆ ಮೇಲೆಳೆದರು. ಖಾಲಿ ಟಬ್ಬು ತೂಬಿನೊಳಗೆ ಹೋದದ್ದನ್ನು ನೋಡಿದೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ, ಆದರೆ ಖಾಲಿಯಾಗಿ ಅಲ್ಲ.

ಉಸಿರು ಬಂದ ಮೇಲೆ ಕೇಳಿದೆ, ಯಾಕೆ ಹೋದೆ ಎಂದು. ಅವರ ಆಡಿನ ಮರಿ ಆಚೆ ದಂಡೆಯಲ್ಲಿ ಉಳಿದುಬಿಟ್ಟಿತ್ತಂತೆ. "ಭಾಳ ಒದರ್ತಿತ್ರಿ ಟೀಚರ್. ಅದನ್ನ ಕರಕೊಂಬರಾಕ ಹೋದೆ."

"ಅಂಜಿಕಿ ಆಗ್ಲಿಲ್ಲೇನು ನಿನಗ?"

"ಆತ್ರಿ. ಆದ್ರ ದುರುಗಮ್ಮಗ ಆಗಿದ್ದಿಲ್ಲಲ್ರಿ. ಅದಕ್ಕ ನನಗೂ ಆಗಬಾರದಂತ ಕಣ್ಣು ಮುಚ್ಚಿಕ್ಯಂಡು ಕುಂತೆ."

ಅವಳ ಒದ್ದೆ ಜಡೆ ಹಿಂಡುತ್ತಾ ಕೂತೆ, ಅವ್ವಾ.

ನನಗೆ ಹತ್ತು ವರ್ಷವಾಗಿದ್ದಾಗಿನ ಆ ಬೆಳಿಗ್ಗೆ ನೆನಪಾಯಿತು. ಜನ ಬಂದು "ದುರುಗಮ್ಮ, ನಿನ್ನ ಹರಗೋಲ ಒಂದ ಗಟ್ಟಿ ಐತಿ" ಎಂದಾಗ ನೀನು "ನಾ ಒಲ್ಲೆ" ಎಂದೆ. ಬೇಡವೆಂದವರ ಮೇಲಿನ ಸಿಟ್ಟು ಎಂದುಕೊಂಡರು ಅವರು. ನೀನು ಒಳಗೆ ಬಂದು ಅಗಳಿ ಹಾಕಿದೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕಿವಿ ಮುಚ್ಚಿಕೊಂಡೆ. ದಿಬ್ಬದ ಮೇಲಿನವರ ಕೂಗು ಅಲ್ಲಿಗೂ ಕೇಳುತ್ತಿತ್ತು. ಆಮೇಲೆ ನನ್ನನ್ನು ಕರೆದು, "ಗಂಗೀ, ನನ್ನ ಕೈ ಗಟ್ಟಿ ಹಿಡಿ, ನಡುಗೋದು ನಿಲ್ಲಲಿ" ಎಂದೆ. ನಾನು ಹಿಡಿದೆ. ನಿಲ್ಲಲಿಲ್ಲ. "ಇದು ನಿಲ್ಲಂಗಿಲ್ಲ. ಹಿಂಗ ಹೋಗಬೇಕು" ಎಂದು ನೀನು ಎದ್ದೆ. ಆದರೆ ಕಣ್ಣು ಮುಚ್ಚಿ ಹೋಗಲಿಲ್ಲ ನೀನು. ದಂಡೆಯಲ್ಲಿ ನಿಂತು ಹುಲ್ಲಿನ ಹಿಡಿ ಎಸೆದೆಸೆದು ಸೆಳವು ಎತ್ತ ಹೋಗುತ್ತದೆಂದು ಎಷ್ಟೋ ಹೊತ್ತು ನೋಡಿದೆ. ಹರಿಗೋಲನ್ನು ಹೊರಿಸಿಕೊಂಡು ಒಂದು ಮೈಲಿ ಮೇಲಕ್ಕೆ ನಡೆದೆ, ಸೆಳವೇ ದಿಬ್ಬಕ್ಕೆ ಒಯ್ಯಲಿ ಎಂದು. ನೀನು ಎಲ್ಲೂ ಜಿಗಿಯಲೇ ಇಲ್ಲ.

ಸಂಜೆ ಎಲ್ಲರೂ ನಿನ್ನನ್ನು ಹೊತ್ತು ಮೆರೆಸಿ ಹೋದ ಮೇಲೆ ನೀನು ಹಿತ್ತಿಲಲ್ಲಿ ಕುಸಿದು ವಾಂತಿ ಮಾಡಿಕೊಂಡೆ. ಸೀರೆ ಒದ್ದೆಯಾಗಿದ್ದದ್ದು ಹೊಳೆ ನೀರಿನಿಂದ ಮಾತ್ರ ಅಲ್ಲ ಎಂದು ತೊಳೆಯಲು ನೀರು ಹಾಕಿದ ನನಗೆ ಗೊತ್ತಾಯಿತು. ನನ್ನ ಗದ್ದ ಹಿಡಿದು ಹೇಳಿದೆ: "ಯಾರ ಮುಂದೂ ಅನಬ್ಯಾಡ. ನನ್ನಾಣಿ ಐತಿ." ನಾನು ಅನ್ನಲಿಲ್ಲ. ಮದುವೆಯಾದ ಮೇಲೆ ಗಂಡನಿಗೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಪಲ್ಲವಿಯ ತಾಯಿ ಹನುಮಕ್ಕ ಶಾಲೆಗೆ ಬಂದಳು. ಕಬ್ಬು ಕಡಿಯುವವಳು, ಗಟ್ಟಿ ಆಳು. ಹೊಡೆದರೆ ಹೊಡೆಸಿಕೊಳ್ಳುವುದೆಂದು ನಿಂತೆ. "ಯಾವ ಪುಸ್ತಕ ಅದು? ತೋರಸ್ರಿ" ಎಂದಳು. ಓದಲು ಬರುವುದಿಲ್ಲ, ಒಂದೊಂದೇ ಚಿತ್ರ ನೋಡಿದಳು. ಎಂಟನೇ ಪುಟದಲ್ಲಿ ನಿಂತಳು. "ಹಿಂಗ ಜಿಗದ್ಲಾ ನಿಮ್ಮವ್ವ? ಖರೇ ಹೇಳ್ರಿ. ನನ್ನ ಕೂಸು ಹೋಗಿಬಿಡ್ತಿತ್ತು."

ನನ್ನಿಂದ ಆಗಲಿಲ್ಲ, ಅವ್ವಾ. ಹೇಳಿಬಿಟ್ಟೆ. ಅಗಳಿ ಹಾಕಿದ್ದು, ನಡುಗಿದ್ದು, ಸೀರೆ ಒದ್ದೆಯಾದದ್ದು, ಎಲ್ಲ. ಸುಮಂಗಲಾ ಪಕ್ಕದಲ್ಲಿ ಬಾಯಿ ತೆರೆದು ಕೇಳುತ್ತಿದ್ದಳು. ಹನುಮಕ್ಕ ಪುಸ್ತಕವನ್ನು ಮತ್ತೆ ಮೊದಲಿಂದ ತಿರುವಿದಳು. ಕೊನೆಗೆ, "ಮತ್ತ ಇದನ್ಯಾಕ ಬರದಿಲ್ರಿ?" ಎಂದಳು. "ಇದನ್ನ ಬರದಿದ್ರ ನನ್ನ ಮಗಳು ದಂಡ್ಯಾಗ ನಿಂತು ನನ್ನ ಕರೀತಿದ್ಲು." ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೋದಳು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಆ ಎಂಟನೇ ಪುಟ ಹರಿದು ಹೊಸದಾಗಿ ಬರೆಯಲು ಕೂತೆ. ನಿನ್ನ ಮುಖ ಎಷ್ಟು ಸಲ ಅಳಿಸಿದೆನೋ. ಬಾಗಿಲಿಗೆ ಒರಗಿ ಕಿವಿ ಮುಚ್ಚಿಕೊಂಡ ಮುಖ. ಹುಲ್ಲು ಎಸೆದು ನೋಡುವ ಮುಖ. "ದುರುಗಮ್ಮನಿಗೆ ತುಂಬಾ ಅಂಜಿಕೆಯಾಗಿತ್ತು. ಅದಕ್ಕೇ ಅವಳು ನೀರನ್ನು ಚೆನ್ನಾಗಿ ನೋಡಿದಳು" ಎಂದು ಸುಮಂಗಲಾ ಬರೆದಳು. ಸೀರೆಯ ವಿಷಯವನ್ನೂ ಒಂದು ಸಾಲಿನಲ್ಲಿ ಬರೆದಳು. ಮಕ್ಕಳು ಇದಕ್ಕೆ ನಗಲಿಲ್ಲ, ನಂಬು. ಪಲ್ಲವಿ ಮಾತ್ರ, "ನಾನೂ ಟಬ್ಬಿನ್ಯಾಗ…" ಎಂದು ನನ್ನ ಕಿವಿಯಲ್ಲಿ ಅರ್ಧ ಹೇಳಿ ಓಡಿದಳು. ಆದರೆ ನಿನ್ನ ಓಣಿ ಏನೆನ್ನುತ್ತದೆ? ಊರಿಗೆ ಊರೇ ಧೈರ್ಯದ ದುರುಗಮ್ಮ ಎಂದು ಕರೆದ ನಿನ್ನನ್ನು ಮಗಳೇ ಹೀಗೆ ಬಯಲು ಮಾಡಿದಳು ಎಂದರೆ? ಕಂಪ್ಲಿಗೆ ತಿಳಿಸದೆ ಇದ್ದುಬಿಡೋಣ ಎಂದೆ. ಸುಮಂಗಲಾ ಒಪ್ಪಲಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಕಂಪ್ಲಿಯ ನಮ್ಮ ಓಣಿಯ ಹನುಮಪ್ಪನ ಗುಡಿಕಟ್ಟೆಯ ಮೇಲೆ ಓದಿದೆ. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಎಂಟನೇ ಪುಟವನ್ನೂ ಬಿಡದೆ ಓದಿದೆ. ಗಂಡಸೊಬ್ಬ ಹಿಂದಿನಿಂದ ಎದ್ದ. "ಏನವ್ವ ಗಂಗಾ, ಸತ್ತಾಕಿ ಮರ್ಯಾದಿ ಕಳಿಯಾಕ ಬಂದೀ ಏನು?" ಕಾಲ ಕೆಳಗಿನ ಮೆಟ್ಟಿಲು ಮತ್ತೆ ಇಲ್ಲವಾದಂತೆ ಆಯಿತು. ಆಗ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕಿ ಅವನಿಗೆ ಕೈಸನ್ನೆ ಮಾಡಿದಳು. ನನಗೆ ಗುರುತು ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಹೊಳೆಯಾಚೆ ಊರಿನ ಸಣ್ಣೀರಮ್ಮ, ದಿಬ್ಬದ ಮೇಲಿದ್ದ ಏಳು ಜನರಲ್ಲಿ ಒಬ್ಬಳು. ಯಾರೋ ಹೇಳಿ ಕರೆಸಿದ್ದರು.

"ಸುಮ್ಮನ ಕುಂದ್ರಪಾ ನೀನು. ನೀ ಇದ್ದೇನು ಅದ್ರಾಗ? ನಾ ಇದ್ದೆ," ಎಂದಳು. "ಆಕಿ ದಾರಿ ಉದ್ದಕ ಅಳ್ತಿದ್ಲು. ಹಲ್ಲು ಕಟಕಟ ಅಂತಿದ್ವು. 'ನನಗ ಭಾಳ ಅಂಜಿಕಿ ಆಗೇತಿ, ನೀವು ಅಲುಗಾಡಿದ್ರ ಎಲ್ರೂ ಹೋಗ್ತೀವಿ' ಅಂದ್ಲು. ಅದಕ್ಕ ನಾವು ಉಸುರು ಬಿಗಿಹಿಡದು ಕುಂತ್ವಿ, ಉಳಕಂಡ್ವಿ. ದಂಡಿಗೆ ಬಂದ ಮ್ಯಾಲ ಏಳೂ ಮಂದಿ ಮಾತಾಡ್ಕಂಡ್ವಿ, ಇದನ್ನ ಯಾರ ಮುಂದೂ ಅನಬಾರದು ಅಂತ. ಹೆಣ್ಣು ಅಂಜಿದ್ಲಂತ ಓಣಿ ಗಂಡಸರು ಆಕಿ ಕೈಯಾಗಿನ ಹುಟ್ಟು ಕಸಗಂಡ್ರ, ಮಗಳಿಗೆ ಏನು ತಿನಿಸ್ಯಾಳು?"

ಎದ್ದವನು ಕೂತ. ನಾನು ಉಳಿದ ಪುಟಗಳನ್ನು ಓದಿದೆ. ಹೇಗೆ ಓದಿದೆನೋ ತಿಳಿಯದು.

ಸಣ್ಣೀರಮ್ಮನನ್ನು ಬಸ್ಸಿಗೆ ಹತ್ತಿಸಲು ಹೋದೆ. ಆ ಏಳು ಜನರಲ್ಲಿ ಈಗ ಉಳಿದಿರುವುದು ಅವಳೊಬ್ಬಳೇ. ಉಳಿದ ಆರು ಜನರೂ ಬಾಯಿ ಬಿಡದೆಯೇ ಹೋದರಂತೆ. ಬಸ್ಸಿನ ಕಂಬಿ ಹಿಡಿದವಳು ತಿರುಗಿ ಕೇಳಿದಳು: "ಆಕಿ ಸಲುವಾಗಿ ನಾವು ಯಾರಿಗೂ ಹೇಳಿಲ್ಲಂತ ನಿಮ್ಮವ್ವಗ ಕಡೀತನ ಗೊತ್ತಾಗ್ಲೇ ಇಲ್ಲೇನು?"

ಇಲ್ಲ ಎಂದೆ.

"ಹಂಗಾರ ನೀ ಹೇಳು," ಎಂದು ಹತ್ತಿ ಕೂತಳು.

ಹೇಳಿದ್ದೇನೆ, ಅವ್ವಾ.

ನಿನ್ನ
ಗಂಗಿ