ಬೆನ್ನು ನೋಯದ ನಾದಿನಿ

ಧಾರವಾಡ
ಹದಿಮೂರನೆಯ ತಿಂಗಳ ಎರಡನೆಯ ದಿನ, ೨೨೧೪
ಬೆಳಗಿನ ಜಾವ ಮೂರೂವರೆ

ಮಾತೃಸಮಾನರಾದ ಹಿಂದಿನ ಕಾಲದವರಿಗೆ,

ಓಲೆಗಂಟೆ ಬಡಿದು ಎಚ್ಚರವಾಯಿತು. ಎಚ್ಚರ ಎನ್ನುವುದೂ ತಪ್ಪೇ. ಕೂಸು ಹುಟ್ಟಿ ತಿಂಗಳಾಗಿಲ್ಲ, ನಿದ್ದೆ ಎಲ್ಲಿಯದು? ನಾದಿನಿ ಸುಗಂಧಾಳ ಉತ್ತರ ಬಂದಿತ್ತು. ಅದರಲ್ಲಿ ಏನಿತ್ತೆಂದು ಹೇಳುವ ಮೊದಲು ನಮ್ಮ ಕಾಲದ ಒಂದೆರಡು ಮಾತು ತಿಳಿಸಬೇಕು. ಶಬ್ದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಸಭೆ, ಮದುವೆ, ಸಾವು, ಎಲ್ಲಕ್ಕೂ ನಾವು ಹೋಗುವುದು ನೆರಳೂರಿಗೆ. ಮನೆಯಲ್ಲೇ ಕೂತು ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಅಲ್ಲಿ ನಮ್ಮದೇ ರೂಪದ ಪಡಿಮೈ ಎದ್ದು ಓಡಾಡುತ್ತದೆ. ಬೇಸರದ ಸಭೆಯಾದರೆ ಪಡಿಮೈಯನ್ನು ಅಲ್ಲೇ ಕೂರಿಸಿ ನಾವು ಅಡುಗೆಗೆ ಏಳುತ್ತೇವೆ. ಅದು ನಮ್ಮ ಹಳೆಯ ಮಾತುಗಳನ್ನೇ ಹೆಕ್ಕಿ ಆಡುತ್ತದೆ, ಹದವಾಗಿ ತಲೆದೂಗುತ್ತದೆ, ನಮಗೆ ಬಂದ ಓಲೆಗಳಿಗೂ ಉತ್ತರ ಬರೆಯುತ್ತದೆ. "ನೀವು ನಿಜವಾಗಿ ಒಳಗಿದ್ದೀರಾ?" ಎಂದು ಯಾರೂ ಕೇಳುವಂತಿಲ್ಲ. ಕೇಳಿದವರ ಮನೆಯ ಕಾರ್ಯಕ್ಕೆ ಮತ್ತೆ ಯಾರೂ ಬರುವುದಿಲ್ಲ.

ಸುಗಂಧಾ ಕಾರವಾರದಾಚೆ, ಕಡಲೊಳಗಿನ ಗಾಳಿ ವಿದ್ಯುತ್ ಕೇಂದ್ರದಲ್ಲಿ ಒಬ್ಬಳೇ ಕೆಲಸಕ್ಕಿದ್ದಾಳೆ. ಮಗನಿಗೆ ಹೆಸರಿಡುವ ದಿನ ನೆರಳೂರಿಗೆ ಬಂದಳು. ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಆ ರೂಢಿ ನಮ್ಮಲ್ಲಿ ಇನ್ನೂ ಇದೆ. ಅಲ್ಲಿ ಗುದ್ದಿದರೆ, ಕಣ್ಣುಪಟ್ಟಿಯ ಜೊತೆಗೆ ಇಲ್ಲಿ ತೊಟ್ಟ ಅಂಗಿ ಬೆನ್ನನ್ನು ಚೆನ್ನಾಗಿಯೇ ಹಿಂಡುತ್ತದೆ. ಹೋದ ವರ್ಷ ಮೈದುನನ ಮಗಳ ಹೆಸರಿಡುವಾಗ ಇದೇ ಸುಗಂಧಾ, "ಏ, ಮೆಲ್ಲಕ ಹೊಡೀರೆ! ನನ್ನ ಬೆನ್ನೇನು ಅವಲಕ್ಕಿ ಒರಳು ಮಾಡೀರೇನು?" ಎಂದು ಕಿರುಚಿ ಎಲ್ಲರನ್ನೂ ನಗಿಸಿದ್ದಳು. ಈ ಸಲ ಅಷ್ಟು ಗುದ್ದು ಬಿದ್ದರೂ ನಗುತ್ತಲೇ ಕೂತಿದ್ದಳು. "ಆಕಿ ಭಾಳ ಗಟ್ಟಿ ಆಗ್ಯಾಳ ಬಿಡ್ರೆ" ಎಂದಳು ಪಕ್ಕದ ಮನೆಯ ಗಂಗವ್ವ. ಒಳಗೆ ಅವಳಿಲ್ಲ, ಬರೀ ಪಡಿಮೈ ಕೂತಿದೆ ಎಂದು ನನಗನಿಸಿತು.

ನಮ್ಮವರಿಗೆ ಹೇಳಿದೆ. "ಬಾಣಂತಿ ತಲಿ ನಿಂದು. ನಿದ್ದಿ ಇಲ್ದ ಏನೇನರ ಕಾಣ್ತದ. ನಿನ್ನೆ ಸಭಾದಾಗ ನನ್ನ ಬಾಜೂಕ ಕುಂತಿದ್ಲು ಆಕಿ" ಎಂದರು. ಅವಳ ಕಚೇರಿಯವರನ್ನು ಕೇಳಿದರೆ, ಒಂದು ಸಭೆಯನ್ನೂ ತಪ್ಪಿಸಿಲ್ಲವೆಂದು ಹೊಗಳಿದರು! ಒಂದನ್ನೂ ತಪ್ಪಿಸದವಳು ಮಲಗುವುದು ಯಾವಾಗ, ಉಣ್ಣುವುದು ಯಾವಾಗ?

ಅದಕ್ಕೇ ನಿನ್ನೆ ಒಂದು ಸುಳ್ಳು ಬರೆದೆ. ಮಗುವಿಗೆ ಜ್ವರ ಏರಿದೆ, ತಿಂಗಳ ಆರತಿ ಮಾಡುವುದಿಲ್ಲ, ಬರಬೇಡ ಎಂದು. ಓದಿದವಳು ನಿಜವಾದ ಸುಗಂಧಾ ಆದರೆ ಜ್ವರ ಹೇಗಿದೆ ಎಂದು ಮೊದಲು ಕೇಳದೆ ಇರಲಾರಳು. ಈಗ ಬಂದ ಉತ್ತರ ಇಷ್ಟು: "ಬರ್ತೀನಿ ವೈನಿ. ಅಳಿಯನ ಆರತಿ, ನಾ ಬರದ ಇರ್ತೀನೇನು?"

ನಮ್ಮವರು ಎರಡು ಸಲ ಓದಿದರು. ಚಪ್ಪಲಿ ಮೆಟ್ಟಿ ಕಾರವಾರಕ್ಕೆ ಹೊರಟರು. ಕೂಡಲೇ ದೋಣಿ ಸಿಕ್ಕರೂ ಅವಳ ಬಾಗಿಲು ತಟ್ಟುವುದು ಮಧ್ಯಾಹ್ನವೇ. ಅಲ್ಲಿಯವರೆಗೆ ಅವಳು ಬದುಕಿದ್ದಾಳೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ.

ನಮ್ಮಲ್ಲಿ ಫೋನಿಲ್ಲ. ಎದುರಿಗೇ ಬಂದು ಕೂರಬಹುದಾದ ಮೇಲೆ ಬರೀ ದನಿ ಯಾತಕ್ಕೆಂದು ಅಜ್ಜಿಯ ಕಾಲದಲ್ಲೇ ತೆಗೆದುಹಾಕಿದರು. ನಿಮ್ಮಲ್ಲಿ ಇದೆ. ನಿಮ್ಮ ಸಭೆಗಳಲ್ಲೂ ಎಲ್ಲದಕ್ಕೂ ಹೂಂ ಎನ್ನುತ್ತ, ಯಾವತ್ತೂ ತಪ್ಪಿಸದೆ ಬರುವವರೊಬ್ಬರು ಇರಬಹುದು. ಅವರ ಹೆಸರು ನಿಮಗೆ ಈಗಾಗಲೇ ಹೊಳೆದಿರಬೇಕು. ಹೊತ್ತಲ್ಲದ ಹೊತ್ತೆಂದು ಸಂಕೋಚ ಬೇಡ, ಅವರಿಗೆ ಫೋನ್ ಮಾಡಿ. ಎತ್ತದಿದ್ದರೆ ಮತ್ತೆ ಮಾಡಿ. ನಿಮ್ಮ ಕಾಲು ಹಿಡಿಯುತ್ತೇನೆ, ಬೆಳಗಾಗುವುದರೊಳಗೆ ಮಾಡಿ.

ನಿಮ್ಮ ಮನೆಮಗಳು,
ಮಂದಾಕಿನಿ